ನಡುಗೋಡೆಯ ಇನ್ಶೂರೆನ್ಸ್

ಕಾರಮಡೈಯ ರಂಗಸಾಮಿಗೆ ಅರವತ್ತೆರಡು ವರ್ಷದ ಬಾಳಿನಲ್ಲಿ ಇದ್ದದ್ದು ಒಂದೇ ಕಾಯಿಲೆ. ಅದರ ಹೆಸರು ಸೆಲ್ಲಪ್ಪನ್. ಸೆಲ್ಲಪ್ಪನ್ ಅವನ ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ನಾಲ್ಕೇ ತಿಂಗಳು ದೊಡ್ಡವನು. ಆ ನಾಲ್ಕು ತಿಂಗಳನ್ನು ರಂಗಸಾಮಿ ಇನ್ನೂ ಕ್ಷಮಿಸಿರಲಿಲ್ಲ.

ಇಬ್ಬರ ತಂದೆಯರೂ ಇದ್ದ ಒಂದು ಹೆಂಚಿನ ಮನೆಯನ್ನು ಪಾಲು ಮಾಡಿಕೊಂಡು ನಡುವೆ ಒಂದು ಗೋಡೆ ಎಬ್ಬಿಸಿದ್ದರು. ಗೋಡೆಯ ಆ ಕಡೆ ಹದಿನಾರನೇ ನಂಬರು, ಸೆಲ್ಲಪ್ಪನ್. ಈ ಕಡೆ ಹದಿನೇಳು, ರಂಗಸಾಮಿ. ಗೋಡೆ ಮಾತ್ರ ಇಬ್ಬರದು. ಯಾವ ಕಡೆಯವರು ಮೊಳೆ ಹೊಡೆಯಬೇಕಾದರೂ ಮೊದಲು "ಮೊಳೆ ಹೊಡೀತೀವಿ" ಎಂದು ಆ ಕಡೆಗೆ ಕೂಗಿ ಹೇಳಿ, ಅಲ್ಲಿಂದ "ಹೊಡ್ಕೋ" ಎಂದು ಕೇಳಿದ ಮೇಲೇ ಸುತ್ತಿಗೆ ಎತ್ತುವುದು ಆ ಮನೆಗಳ ಕಟ್ಟಳೆ. ಎಷ್ಟೇ ಮುನಿಸಿದ್ದರೂ ಈ ಕಟ್ಟಳೆ ತಪ್ಪಿರಲಿಲ್ಲ. ಒಮ್ಮೆ ಎರಡು ತಿಂಗಳು ಮಾತು ಬಿಟ್ಟಿದ್ದಾಗ ಕೂಡ ಮೊಳೆಯ ಮಟ್ಟಿಗೆ ಮಾತಾಡಿದ್ದರು.

ಸೆಲ್ಲಪ್ಪನ್ ಮನೆಗೆ ಬಂದದ್ದು ರಂಗಸಾಮಿಯ ಮನೆಗೆ ಒಂದು ಗುಂಜಿ ಹೆಚ್ಚಾಗಿ ಬರಬೇಕು. ಅವನು ಹದಿನಾಲ್ಕು ಇಂಚಿನ ಬಣ್ಣದ ಟೀವಿ ತಂದರೆ ಇವನು ಇಪ್ಪತ್ತೊಂದು ಇಂಚಿನದು ತಂದ. ಅವನ ಮಗಳ ಮದುವೆಗೆ ಎರಡು ಪಾಯಸವಾದರೆ ಇವನ ಮಗಳು ಸತ್ಯಾಳ ಮದುವೆಗೆ ಮೂರಾಯಿತು, ಮೂರನೆಯದನ್ನು ಯಾರೂ ಮುಟ್ಟಲಿಲ್ಲ. ಸೆಲ್ಲಪ್ಪನ್ನಿಗೆ ನೂರೆಂಬತ್ತು ಸಕ್ಕರೆ ಇದೆಯೆಂದು ಡಾಕ್ಟರು ಹೇಳಿದ ತಿಂಗಳೊಳಗೆ ರಂಗಸಾಮಿಗೆ ಇನ್ನೂರಹತ್ತು ಬಂದಿತ್ತು. ಅದನ್ನು ಅವನು ಬೀದಿಯಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆಯೇ ಹೇಳಿದ್ದ.

ಎರಡು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ಸೆಲ್ಲಪ್ಪನ್ ತನ್ನ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟ. ಬೀದಿಗೆಲ್ಲ ಊಟ ಹಾಕಿದ. ಉಂಡವರು "ಎಂಥಾ ದೊಡ್ಡ ಮನಸು" ಎಂದರು. ಆ ಮಾತು ನಡುಗೋಡೆ ದಾಟಿ ಬಂದು ಮೂರು ವಾರ ರಂಗಸಾಮಿಯ ನಿದ್ದೆ ಕೆಡಿಸಿತು. ಇಪ್ಪತ್ತೆರಡನೇ ದಿನ ಅವನು ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರೆಯುವ ಕರುಪ್ಪುಸಾಮಿಯ ಎದುರು ಕೂತಿದ್ದ. ಮನೆ ಮಗ ದಿವಾಕರನಿಗೆ ಅರ್ಧ, ಮಗಳು ಸತ್ಯಾಗೆ ಅರ್ಧ.

"ನೀವು ಇರೋವರೆಗೂ ಮನೆ ನಿಮ್ಮ ಅನುಭವದಲ್ಲಿ ಇರ್ತದೆ ಅಂತ ಒಂದು ಸಾಲು ಸೇರಿಸ್ತೀನಿ. ಸೆಲ್ಲಪ್ಪಣ್ಣನಿಗೂ ಅಪ್ಪಡಿ ತಾನೆ ಬರೆದದ್ದು," ಎಂದ ಕರುಪ್ಪುಸಾಮಿ.

"ಅವನ ಮಕ್ಕಳ ಮೇಲೆ ಅವನಿಗೆ ನಂಬಿಕೆ ಇಲ್ಲೆ, ಅದಕ್ಕೆ ಬೇಕಾಯ್ತು. ನನ್ನ ಮಕ್ಕಳ ಮನೇಲಿ ಇರೋಕೆ ನನಗೆ ಯಾವ ಸಾಲು? ಪೂರಾ ಬರಿ."

ಕರುಪ್ಪುಸಾಮಿ ಪೂರಾ ಬರೆದ. ಹೀಗೆ ಸೆಲ್ಲಪ್ಪನ್ನಿಗಿಂತ ಒಂದು ಗುಂಜಿ ಹೆಚ್ಚಿನ ದೊಡ್ಡ ಮನಸ್ಸು ತೋರಿಸಿ ರಂಗಸಾಮಿ ತನ್ನ ಮನೆಯಿಂದ ತನ್ನನ್ನೇ ಅಳಿಸಿಕೊಂಡ. ಆಮೇಲೆ ಅವನಿಗೆ ಒಳಗೊಳಗೇ ಅಳುಕಿತ್ತು. ದಿವಾಕರ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಇದ್ದ. ಸತ್ಯಾ ಅವಿನಾಶಿಯಲ್ಲಿ ಗಂಡನ ಪವರ್‌ಲೂಮಿನ ಸದ್ದಿನಲ್ಲಿದ್ದಳು. ಕಾರಮಡೈಯಲ್ಲಿ ಮನೆಯ ಯಜಮಾನ ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೆ ಸಾಕೆಂದು ರಂಗಸಾಮಿಯೂ ಇದ್ದ. ಜೋರಾಗಿ ಕೆಮ್ಮುತ್ತ, ಬಾಗಿಲಿಗೆ ಒರಗಿದವರನ್ನು ಗದರಿಸುತ್ತ, ಯಜಮಾನನ ಕೆಲಸವನ್ನು ಮೊದಲಿಗಿಂತ ತುಸು ಜಾಸ್ತಿಯೇ ಮಾಡುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಸೆಲ್ಲಪ್ಪನ್ ತನ್ನ ಜಗಲಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಒಂದು ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಹೆಣ್ಣು ಮಗುವಿಗೆ ಮೊದಲ ಸಲ ಹೂ ಮುಡಿಸಿದ ಅಜ್ಜನ ಹಾಗೆ ಕೂತಿದ್ದ. ಬೀದಿಯಲ್ಲಿ ಹೋಗುವವರು ಕೇಳಲೆಂದೇ ಕೂತಿದ್ದಾನೆಂದು ರಂಗಸಾಮಿಗೆ ತಿಳಿಯಿತು. ಕೇಳಬಾರದೆಂದು ಹಲ್ಲುಕಚ್ಚಿ ಮೂರು ಸಲ ಆಚೀಚೆ ಓಡಾಡಿದ. ನಾಲ್ಕನೇ ಸಲ ಆಗಲಿಲ್ಲ.

"ಏನಣ್ಣಾ ಅದು, ಕರೆಂಟ್ ಬಿಲ್ಲಾ?"

"ಮನೆಗೆ ಇನ್ಶೂರೆನ್ಸಪ್ಪಾ. ಏಳು ಲಕ್ಷಕ್ಕೆ. ಮಕ್ಕಳು ಮಾಡ್ಸಿದ್ರು."

"ಮನುಷ್ಯನಿಗೆ ತಾನೆ ಮಾಡೋದು? ಮನೆಗೆ ಏನು ಸಾವು?"

"ತೀ ಹತ್ತಿ ಮನೆ ಉರಿದ್ರೆ ಕಂಪನಿಕಾರ ಕೊಡ್ತಾನೆ. ಪುಯಲ್ ಗಾಳಿ ಹೊಡೆದ್ರೆ ಕೊಡ್ತಾನೆ. ನೆಲ ನಡುಗಿದ್ರೆ ಕೊಡ್ತಾನೆ. ಮೇಲಿಂದ ಏರೋಪ್ಲೇನ್ ಬಿದ್ರೂ ಕೊಡ್ತಾನಂತೆ, ನನ್ನ ಮಗ ಓದಿ ಹೇಳಿದ."

ರಂಗಸಾಮಿ ಆಕಾಶ ನೋಡಿದ. ಕೊಯಮತ್ತೂರಿಗೆ ಇಳಿಯುವ ಏರೋಪ್ಲೇನುಗಳು ಕಾರಮಡೈಯ ಮೇಲೆ ಹಾಯುವುದು ಕಮ್ಮಿ. ಆದರೂ ಬೀಳುವುದಿದ್ದರೆ ಅದು ಸೆಲ್ಲಪ್ಪನ್ ಮನೆಯ ಮೇಲೇ ಬಿದ್ದು ಅವನಿಗೇ ಲಾಭವಾಗುತ್ತದೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

"ಗೋಡೆಗೂ ಸೇರ್ತದಾ?" ಎಂದು ಕೇಳಿದ.

"ನಾಕು ಗೋಡೆಗೂ ಸೇರ್ತದೆ."

ರಂಗಸಾಮಿ ಮನೆಯೊಳಗೆ ಬಂದು ಸೆಲ್ಲಪ್ಪನ್ ಮನೆಯ ಗೋಡೆಗಳನ್ನು ಬೆರಳಲ್ಲಿ ಎಣಿಸಿದ. ಮುಂದಿನದು ಒಂದು, ಹಿಂದಿನದು ಎರಡು, ಬೀದಿಯ ಮೂಲೆಯದು ಮೂರು. ನಾಲ್ಕನೆಯದಕ್ಕೆ ತಾನೇ ಒರಗಿ ನಿಂತಿದ್ದ.

"ಕುಪ್ಪಮ್ಮಾ," ಎಂದು ಹೆಂಡತಿಯನ್ನು ಕರೆದ. "ಅವನು ನಮ್ಮ ಗೋಡೆಯನ್ನ ಇನ್ಶೂರ್ ಮಾಡಿಬಿಟ್ಟ. ಮೊಳೆ ಹೊಡೀಬೇಕಾದ್ರೆ ಕೂಗಿ ಕೇಳೋನು, ಗೋಡೆನೇ ಬರ್ಕೊಂಡಾಗ ಒಂದು ಮಾತು ಕೂಗಲಿಲ್ಲ."

ಕುಪ್ಪಮ್ಮ ಅಕ್ಕಿ ಆರಿಸುತ್ತಿದ್ದಳು. "ಅವರ ಕಡೆದು ಅವರು ಮಾಡ್ಕೊಂಡ್ರು. ನಮಗೇನು?"

"ಗೋಡೆ ಬಿದ್ರೆ ದುಡ್ಡು ಅವನಿಗೆ. ನಮ್ಮ ಕಡೆಗೆ ಬಿದ್ರೂ ಅವನಿಗೆ."

"ಗೋಡೆ ಯಾಕೆ ಬೀಳ್ತದೆ?"

"ಬೀಳೋದು ಬೇರೆ ವಿಷಯ. ಮರ್ಯಾದೆ ಅಂತ ಒಂದಿದೆ. ನಮ್ಮ ಮನೆಗೆ ಎಂಟು ಲಕ್ಷಕ್ಕೆ ಮಾಡಿಸ್ತೀನಿ."

ಕುಪ್ಪಮ್ಮ ಮೊರದಿಂದ ತಲೆ ಎತ್ತಿದಳು. "ಮುಂಚೆ ದಿವಾಕರನ್ನ ಒಂದು ಮಾತು ಕೇಳಿ."

"ನನ್ನ ಮನೆಗೆ ಅವನನ್ನ ಯಾಕೆ ಕೇಳಲಿ?"

ಅವಳು ಏನೋ ಹೇಳಲು ಬಾಯಿ ತೆರೆದು, ಒಂದು ಕಲ್ಲು ಸಿಕ್ಕಿದ್ದನ್ನು ಆರಿಸಿ ಎಸೆದಳು. ರಂಗಸಾಮಿಗೆ ಆ ಮಾತು ನಾಟಿತ್ತು. ಮಗನನ್ನು ಕೇಳುವುದೆಂದರೆ ಕೇಳಬೇಕಾದ ಸ್ಥಿತಿಯಲ್ಲಿ ತಾನಿದ್ದೇನೆಂದು ಒಪ್ಪಿಕೊಂಡ ಹಾಗೆ. ಪಾಲಿಸಿ ತನ್ನ ಕೈಯಿಂದ, ತನ್ನ ಹೆಸರಲ್ಲಿ ಬರಬೇಕು. ಅದನ್ನು ಹಿಡಿದು ಜಗಲಿಯ ಮೇಲೆ ಕೂರಬೇಕು. ಕೂತರೆ ಸೆಲ್ಲಪ್ಪನ್ ಮೂರು ಸಲ ಆಚೀಚೆ ಓಡಾಡಬೇಕು. ಅವನಿಗೆ ಬೇಕಾದದ್ದು ಇಷ್ಟೇ, ಮತ್ತು ಇದಕ್ಕಾಗಿ ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಊರಲ್ಲಿ ಗೋಪಾಲಸಾಮಿ ಎಂಬ ಡ್ರಾಯಿಂಗ್ ಮೇಷ್ಟ್ರಿದ್ದರು. ಸ್ಕೂಲು ಬಿಟ್ಟ ಮೇಲೆ ಇನ್ಶೂರೆನ್ಸ್ ಏಜೆಂಟರ ಕೆಲಸ ಮಾಡುತ್ತಿದ್ದರು. ಬುಧವಾರ ಅವರಿಗೆ ರಜೆ ಹಾಕಿಸಿ, ಮನೆಯ ಮೂಲ ಪತ್ರ, ತೆರಿಗೆ ರಶೀದಿ ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿಕೊಂಡು ರಂಗಸಾಮಿ ಕೊಯಮತ್ತೂರಿನ ಪೀಳಮೇಡಿನಲ್ಲಿದ್ದ ಇನ್ಶೂರೆನ್ಸ್ ಆಫೀಸಿಗೆ ಬಂದ. ಗಾಜಿನ ಬಾಗಿಲು, ಒಳಗೆ ಎಸಿ. ಮೇಜಿನ ಆಚೆ ಕೂತಿದ್ದವಳು ಪ್ರೇರಣಾ ಎಂಬ ಹುಡುಗಿ. ತುಮಕೂರಿನ ಕಡೆಯವಳು, ಕೆಲಸಕ್ಕೆಂದು ಬಂದು ಎಂಟು ತಿಂಗಳಾಗಿತ್ತು. ಗೋಪಾಲಸಾಮಿಯ ಕಿವಿಯಲ್ಲಿ ರಂಗಸಾಮಿ ಕನ್ನಡದಲ್ಲಿ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿಬಿಟ್ಟಿತು.

"ನೀವು ಕನ್ನಡದವರಾ ಸರ್? ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಲ್ಲಿ ಕನ್ನಡ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ?"

ರಂಗಸಾಮಿಯ ಎದೆ ಅರಳಿತು. ಅವನಿಗೆ ಕನ್ನಡ ಅಕ್ಷರ ಒಂದೂ ಬಾರದು. ಆದರೆ ಮನೆಮಾತು ಒಂದಾದ ಮೇಲೆ ಮನೆಯ ಬೆಲೆಯಲ್ಲಿ ತುಸು ದಾಕ್ಷಿಣ್ಯ ಇರಲೇಬೇಕಲ್ಲ. ಕೂತಲ್ಲೇ ಎಂಟು ಲಕ್ಷ ಒಂಬತ್ತಾಯಿತು.

"ಒಂಬತ್ತಕ್ಕೆ ಬರಿಯಮ್ಮಾ."

"ಹೆಂಚಿನ ಮನೆಗಾ ಸರ್?"

"ನೆಲ ಇದೆಯಲ್ಲ. ಮೇನ್ ರೋಡಿಂದ ಕೂಗಿದ್ರೆ ಕೇಳ್ತದೆ, ಅಷ್ಟು ಹತ್ರ."

"ನೆಲಕ್ಕೆ ಇನ್ಶೂರೆನ್ಸ್ ಮಾಡಲ್ಲ ಸರ್. ನೆಲ ಸುಟ್ಟುಹೋಗಲ್ಲ."

"ಬಾವಿ?"

"ಬಾವೀನೂ ಸುಟ್ಟುಹೋಗಲ್ಲ."

"ನಡುಗೋಡೆ ಇದೆ. ಪಕ್ಕದವನು ಅದನ್ನ ಬರ್ಕೊಂಡಿದಾನೆ. ಅದನ್ನ ಅಲ್ಲಿಂದ ತೆಗೆದು ಇಲ್ಲಿ ಸೇರಿಸು."

ಹುಡುಗಿ ನಗು ತಡೆದುಕೊಂಡು, "ಮೊದಲು ಡೋರ್ ನಂಬರ್ ಹಾಕ್ತೀನಿ ಸರ್," ಎಂದು ಕಂಪ್ಯೂಟರಿನ ಕಡೆ ತಿರುಗಿದಳು. ಗುಂಡಿ ಒತ್ತಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಒತ್ತಿದಳು.

"ಸರ್, ಈ ಮನೆಗೆ ನಮ್ಮಲ್ಲೇ ಪಾಲಿಸಿ ಇದೆಯಲ್ಲ."

"ಅದು ಹದಿನಾರು. ಪಕ್ಕದವನದು."

"ಹದಿನಾರಕ್ಕೆ ಈಗ ಹೋದ ತಿಂಗಳು ಆಗಿದೆ. ನಾನು ಹೇಳ್ತಿರೋದು ಹದಿನೇಳು. ಎರಡು ವರ್ಷ ಆಯ್ತು, ಎರಡು ಸಲ ರಿನ್ಯೂ ಕೂಡ ಆಗಿದೆ."

ಎಸಿಯ ಗಾಳಿ ಒಮ್ಮೆಲೇ ಜಾಸ್ತಿಯಾದಂತೆ ರಂಗಸಾಮಿಗೆ ಅನಿಸಿತು. "ಯಾರು ಮಾಡಿದ್ದು?"

"ಅದನ್ನ ಮಾಲೀಕರಿಗೆ ಮಾತ್ರ ಹೇಳೋಕಾಗೋದು."

"ನಾನೇ ಮಾಲೀಕ."

ಅವಳು ತೆರಿಗೆ ರಶೀದಿಯನ್ನು ಕೈಗೆತ್ತಿಕೊಂಡಳು. "ಇದ್ರಲ್ಲಿ ದಿವಾಕರ್, ಸತ್ಯಾ ಅಂತ ಇದೆ. ನೀವು?"

"ಅವರ ಅಪ್ಪ."

"ಓ. ಹಾಗಾದ್ರೆ ನೀವು ಆ ಮನೇಲಿ ವಾಸವಾಗಿರೋರು."

ಹುಡುಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹುಟ್ಟಿದ ಮನೆಯಲ್ಲಿ, ಮದುವೆಯಾದ ಮನೆಯಲ್ಲಿ, ಅಪ್ಪ ಅಮ್ಮನ ಹೆಣ ಎತ್ತಿದ ಮನೆಯಲ್ಲಿ ತಾನು ವಾಸವಾಗಿರುವವನು ಎಂದು ಕೇಳಿದಾಗ ರಂಗಸಾಮಿಗೆ ಅವಮಾನವಾಯಿತು. ಅದೂ ಗೋಪಾಲಸಾಮಿಯ ಎದುರಿಗೆ. ಅವರು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದರು.

"ಮಕ್ಕಳಿಗೆ ಒಂದು ಫೋನ್ ಮಾಡಿ ಕೇಳಿ ಸರ್, ಒಂದು ನಿಮಿಷದ ಕೆಲಸ," ಎಂದಳು ಪ್ರೇರಣಾ.

ಆ ಒಂದು ನಿಮಿಷದ ಕೆಲಸವನ್ನು ರಂಗಸಾಮಿ ಮಾಡಿದ್ದರೆ ಕಾರಮಡೈಯ ಆ ಬೀದಿ ನಾಲ್ಕು ದಿನ ನೆಮ್ಮದಿಯಾಗಿ ಇರುತ್ತಿತ್ತು. ಆದರೆ ಕೇಳುವುದಾದರೂ ಹೇಗೆ? ಯಜಮಾನರೇ, ನಿಮ್ಮ ಮನೆಯ ಮೇಲೆ ಯಾರೋ ಕಣ್ಣು ಹಾಕಿದ್ದಾರೆ, ವಾಸವಾಗಿರುವವನು ಮಾತಾಡುತ್ತಿದ್ದೇನೆ ಎಂದೇ? ಅವನು ಫೋನ್ ಮಾಡಲಿಲ್ಲ. ಬದಲಿಗೆ ಬಸ್ಸಿನಲ್ಲಿ ಕೂತು ಯೋಚಿಸಿದ. ರಂಗಸಾಮಿ ಯೋಚಿಸಿದಾಗಲೆಲ್ಲ ಯಾರಿಗಾದರೂ ತೊಂದರೆಯಾಗಿಯೇ ಇದೆ.

ಗಾಂಧಿಪುರದಲ್ಲಿ ಬಸ್ಸು ಹತ್ತುವಾಗ ಅದು ಬರೀ ಪ್ರಶ್ನೆಯಾಗಿತ್ತು: ತನ್ನ ಮನೆಗೆ ಪಾಲಿಸಿ ಮಾಡಿದವರು ಯಾರು? ತುಡಿಯಲೂರಿಗೆ ಬರುವಾಗ ಅದು ಅನುಮಾನವಾಯಿತು. ಗೋಡೆ ಬರೆದುಕೊಂಡವನು ಮನೆ ಬರೆದುಕೊಳ್ಳದೆ ಇರುತ್ತಾನೆಯೇ? ಪೆರಿಯನಾಯಕನಪಾಳ್ಯ ದಾಟುವಷ್ಟರಲ್ಲಿ ಅನುಮಾನ ನಂಬಿಕೆಯಾಗಿತ್ತು. ಕಾರಮಡೈಯ ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಿದ್ದಾಗ ಮುಂದಿನದೂ ಹೊಳೆಯಿತು. ಸೆಲ್ಲಪ್ಪನ್ ತನ್ನ ಮನೆಯ ಮೇಲೆ ಇನ್ಶೂರೆನ್ಸ್ ಮಾಡಿಸಿದ್ದಾನೆಂದರೆ, ಮನೆ ಸುಟ್ಟರೆ ದುಡ್ಡು ಅವನಿಗೆ ಬರುತ್ತದೆ. ದುಡ್ಡು ಬರಬೇಕಾದರೆ ಮನೆ ಸುಡಬೇಕು. ಗೇಟು ತೆಗೆಯಿತು. ಅಷ್ಟರಲ್ಲಿ ರಂಗಸಾಮಿಯ ಮನಸ್ಸಿನಲ್ಲಿ ಅವನ ಮನೆಗೆ ಆಗಲೇ ಬೆಂಕಿ ಹತ್ತಿಯಾಗಿತ್ತು.

ಗುರುವಾರ ಬೆಳಿಗ್ಗೆ ನಡುಗೋಡೆಯ ಉದ್ದಕ್ಕೂ ಹನ್ನೊಂದು ಕೊಡ ನೀರು ತುಂಬಿಟ್ಟಿತ್ತು. ಕುಪ್ಪಮ್ಮ ಕೇಳಿದ್ದಕ್ಕೆ "ಈ ಮನೆಗೆ ಅಪಾಯ ಇದೆ, ಹೆಂಗಸರು ಕೇಳೋ ವಿಷಯ ಅಲ್ಲ" ಎಂದ. ಸೆಲ್ಲಪ್ಪನ್ ಜಗಲಿಯ ಮೇಲೆ ಬೀಡಿ ಹಚ್ಚಿದರೆ ಇವನು ಎದ್ದು ನಿಲ್ಲುತ್ತಿದ್ದ. ಬೀಡಿ ಆರಿದ ಮೇಲೇ ಕೂರುತ್ತಿದ್ದ. ಸೆಲ್ಲಪ್ಪನ್ನಿಗೆ ಇದು ಹೊಸ ಮರ್ಯಾದೆಯೋ ಏನೋ ಎಂದು ಮೊದಲು ಖುಷಿಯಾಯಿತು.

ಶುಕ್ರವಾರ ಎಣ್ಣೆನೀರು. ಸೆಲ್ಲಪ್ಪನ್ ಹೆಂಡತಿ ಜಾನಮ್ಮ ಹಿತ್ತಲಲ್ಲಿ, ಗೋಡೆ ಗಿಡ್ಡವಾಗಿರುವ ಕಡೆ, ನೀರೊಲೆಗೆ ತೆಂಗಿನ ಗರಿ ತುರುಕಿ ಉರಿ ಹಚ್ಚಿದಳು. ಉರಿ ಗೋಡೆಯ ಎತ್ತರಕ್ಕೆ ಎದ್ದಿತು. ಮರುಕ್ಷಣ ಗೋಡೆಯ ಮೇಲಿಂದ ಒಂದು ಕೊಡ ನೀರು ಬಂದು ಒಲೆಯನ್ನೂ ಜಾನಮ್ಮನನ್ನೂ ಒಟ್ಟಿಗೆ ತಣ್ಣಗೆ ಮಾಡಿತು.

"ಕುಪ್ಪಮ್ಮಾ, ನಿನ್ನ ಗಂಡನಿಗೆ ಏನಾಯ್ತು?" ಎಂದು ಜಾನಮ್ಮ ಒದ್ದೆ ಸೀರೆಯಲ್ಲೇ ಕೇಳಿದಳು. "ನನಗೆ ನೀರು ಹುಯ್ಯೋಕೆ ಇವನಾರು?"

ರಂಗಸಾಮಿ ಗೋಡೆಯ ಮೇಲಿಂದ ತಲೆ ಚಾಚಿ, "ಮೊಳೆ ಹೊಡೀಬೇಕಾದ್ರೆ ಕೂಗಿ ಹೇಳ್ತೀರಿ. ತೀ ಹಚ್ಚಬೇಕಾದ್ರೆ ಹೇಳಬಾರದಾ?" ಎಂದ.

ಇದರ ನಡುವೆ ಗೋಪಾಲಸಾಮಿ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದರು. ಪೂರ್ತಿ ಬಿಡಲಿಲ್ಲ, ಒಂಬತ್ತು ಲಕ್ಷ ಎನ್ನುವಷ್ಟು ಮಾತ್ರ ಬಿಟ್ಟರು. ಬೀದಿಗೆ ಅಷ್ಟು ಸಾಕಾಯಿತು. ರಂಗಸಾಮಿ ಮನೆಯನ್ನು ಒಂಬತ್ತು ಲಕ್ಷಕ್ಕೆ ಇನ್ಶೂರ್ ಮಾಡಿ ತಾನೇ ಸುಡಲಿದ್ದಾನೆ, ನೀರಿನ ಕೊಡಗಳು ಪೊಲೀಸರಿಗೆ ತೋರಿಸಲಿಕ್ಕೆ ಎಂದು ಶನಿವಾರದ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಎದುರು ಮನೆಯವರು ಒಣಗಿಸಿದ್ದ ಬಟ್ಟೆ ಒಳಗೆ ತಂದರು. ಸೆಲ್ಲಪ್ಪನ್ನಿಗೆ ಮಾತ್ರ ಬೆಂಕಿಯ ವಿಷಯ ಕಿವಿಗೇ ಬೀಳಲಿಲ್ಲ. ಅವನು ಕೇಳಿಸಿಕೊಂಡದ್ದು ಒಂಬತ್ತು ಎಂಬ ಒಂದು ಮಾತು. ಅಂದು ಅವನು ಪ್ಲಾಸ್ಟಿಕ್ ಚೀಲ ಹಿಡಿದು ಜಗಲಿಗೆ ಬರಲಿಲ್ಲ.

ಕುಪ್ಪಮ್ಮ ಟೆಲಿಫೋನ್ ಬೂತಿಗೆ ಹೋಗಿ ಇಬ್ಬರು ಮಕ್ಕಳಿಗೂ ಒಂದೇ ಮಾತು ಹೇಳಿ ಬಂದಳು: "ಭಾನುವಾರ ಬನ್ನಿ. ಅಪ್ಪ ಜನರ ಮೇಲೆ ನೀರು ಹುಯ್ತಿದಾರೆ."

ಭಾನುವಾರ ಮಕ್ಕಳು ಬಂದು ಇಳಿಯುವವರೆಗೆ ಕಾಯುವ ತಾಳ್ಮೆ ಎದೆಯುರಿಗೆ ಇರುವುದಿಲ್ಲ. ಅಂದು ಬೆಳಿಗ್ಗೆ ಏಳು ಗಂಟೆಗೇ ರಂಗಸಾಮಿ ಬೀದಿಯ ನಡುವೆ ನಿಂತು ಸೆಲ್ಲಪ್ಪನನ್ನು ಕರೆದ. ಕಾಫಿ ಲೋಟ ಹಿಡಿದು ಸೆಲ್ಲಪ್ಪನ್ ಬಂದ.

"ನನ್ನ ಮನೆಗೆ ನೀನು ಪಾಲಿಸಿ ಮಾಡಿಸಿದ್ಯಾ ಇಲ್ಲವಾ?"

"ನಿನ್ನ ಮನೆಗೆ ನಾ ಯಾಕೆ ಮಾಡಲಿ? ನನ್ನ ಮನೆಗೇ ಮಾಡೋಕೆ ನನ್ನ ಮಕ್ಕಳ ಕಾಲು ಹಿಡಿದೆ."

"ಎರಡು ವರ್ಷದಿಂದ ಇದೆ. ಕಂಪ್ಯೂಟರಿನಲ್ಲಿ ನಾ ನೋಡಿದೆ. ಸೂಡ ಅಣಿಸಿ ಸತ್ಯ ಮಾಡ್ತಿಯಾ?"

ಮನೆಗಳಿಂದ ಜನ ಹೊರಗೆ ಬಂದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಪ್ರಮಾಣ ಮಾಡುವುದೆಂದರೆ ಆ ಸೀಮೆಯಲ್ಲಿ ಆಟವಲ್ಲ. ಸುಳ್ಳು ಹೇಳಿ ಆರಿಸಿದವನ ಕೈ ವರ್ಷದೊಳಗೆ ಬಿದ್ದುಹೋಗುತ್ತದೆಂದು ಎಲ್ಲರೂ ನಂಬಿದ್ದರು. ಇಂಥ ಚಿಲ್ಲರೆ ಜಗಳಕ್ಕೆ ರಂಗನಾಥಸ್ವಾಮಿಯ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲವಾದ್ದರಿಂದ ಬೀದಿಯ ಕೊನೆಯ ಮಾರಿಯಮ್ಮನ ಗುಡಿಗೆ ಜನ ಮೆರವಣಿಗೆ ಹೊರಟರು. ಪೂಜಾರಿ ಗುರುಸಾಮಿ ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ ಬಂದು, ವಿಷಯ ಕೇಳಿ, "ಮನೆ ಸುಟ್ಟಿದೆಯಾ?" ಎಂದ.

"ಇನ್ನೂ ಇಲ್ಲೆ," ಎಂದ ರಂಗಸಾಮಿ.

"ಸುಡೋಕೆ ಮುಂಚೆ ಸೂಡ ಹಚ್ಚೋದು ನಾ ಇದೇ ಮೊದಲು ನೋಡೋದು," ಎಂದು ಗೊಣಗಿಕೊಂಡು ಗುರುಸಾಮಿ ತಟ್ಟೆಯಲ್ಲಿ ಒಂದು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿದ.

ಸೆಲ್ಲಪ್ಪನ್ ಕಾಫಿ ಲೋಟವನ್ನು ಜಾನಮ್ಮನ ಕೈಗೆ ಕೊಟ್ಟು ಮುಂದೆ ಬಂದ. "ರಂಗಸಾಮಿ ಮನೆಗೆ ನಾ ಪಾಲಿಸಿ ಮಾಡಿಸಿಲ್ಲ. ತಾಯಿ ಸಾಕ್ಷಿ." ಅಂಗೈಯನ್ನು ಪಟ್ಟನೆ ಒತ್ತಿದ. ಕರ್ಪೂರ ಆರಿತು. ಜನ ನಿಟ್ಟುಸಿರಿಟ್ಟರು. ಆಗಲೇ ಬೆಳಗಿನ ಐದು ಗಂಟೆಯ ಬಸ್ಸಿಗೆ ಹೊರಟಿದ್ದ ದಿವಾಕರ ಮತ್ತು ಸತ್ಯಾ ಗುಂಪನ್ನು ತಳ್ಳಿಕೊಂಡು ಮುಂದೆ ಬರುತ್ತಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೆಲ್ಲಪ್ಪನ್ ಅಷ್ಟು ಸಲೀಸಾಗಿ, ಅಷ್ಟು ಠೀವಿಯಿಂದ ಆರಿಸಿದ್ದನ್ನು ರಂಗಸಾಮಿಗೆ ನೋಡಲಾಗಲಿಲ್ಲ. ಪ್ರಮಾಣದಲ್ಲೂ ಅವನೇ ಮೇಲಾಗಬೇಕೇ?

"ಇನ್ನೊಂದು ಹಚ್ಚು ಗುರುಸಾಮಿ," ಎಂದ. "ಯಾರು ಮಾಡಿಸಿದ್ದು ಅಂತ ನನಗೆ ಗೊತ್ತೇ ಇಲ್ಲೆ ಅಂತ ಹೇಳಿ ಅಣಿಸಲಿ."

ಗುರುಸಾಮಿ ಇನ್ನೊಂದು ಹಚ್ಚಿದ. ಸೆಲ್ಲಪ್ಪನ್ನಿನ ಕೈ ಮುಂದೆ ಬಂತು. ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಅವನು ಕರ್ಪೂರವನ್ನು ನೋಡಿದ, ಮಾರಿಯಮ್ಮನನ್ನು ನೋಡಿದ, ಗುಂಪಿನಲ್ಲಿ ದಿವಾಕರನನ್ನು ನೋಡಿದ. ಕೈ ನಿಧಾನವಾಗಿ ಹಿಂದಕ್ಕೆ ಹೋಯಿತು. ಕರ್ಪೂರ ತಾನೇ ಉರಿದು ತಾನೇ ಆರಿತು.

"ನೋಡಿದ್ರಾ," ಎಂದ ರಂಗಸಾಮಿ. ಅವನ ದನಿಯಲ್ಲಿ ನಾಲ್ಕು ದಿನದಿಂದ ಕಾಣದ ನೆಮ್ಮದಿಯಿತ್ತು. "ನೋಡಿದ್ರಾ ಎಲ್ಲಾರೂ. ಕೈ ಬರಲಿಲ್ಲೆ."

"ಅಪ್ಪಾ, ದೊಡ್ಡಪ್ಪನ್ನ ಬಿಡು," ಎಂದು ದಿವಾಕರ ಮುಂದೆ ಬಂದ. "ಮಾಡಿಸಿದ್ದು ನಾನು, ಸತ್ಯಾ. ಪತ್ರ ರಿಜಿಸ್ಟರ್ ಆದ ಮುಂದಿನ ತಿಂಗಳೇ ಮಾಡಿಸಿದ್ವಿ. ಮನೆ ಫೋಟೋ ತೆಗೆಯೋಕೆ ಕಂಪನಿಯವರು ಬಂದಾಗ ನೀನು ಮದುವೆಗೆ ಅಂತ ಸತ್ಯಮಂಗಲಕ್ಕೆ ಹೋಗಿದ್ದೆ. ದೊಡ್ಡಪ್ಪ ಅವರ ಜಗಲಿ ತಿಣ್ಣೆ ಮೇಲೆ ಇದ್ರು, ನೋಡಿಬಿಟ್ರು. ಅಪ್ಪನಿಗೆ ಹೇಳಬೇಡಿ ಅಂತ ನಾನೇ ಮಾತು ತಗೊಂಡೆ."

"ನಾ ಅವರಿಗೆ ಕಾಫಿ ಕೊಟ್ಟೆ," ಎಂದಳು ಕುಪ್ಪಮ್ಮ, ಸತ್ಯದ ಸಭೆಯಲ್ಲಿ ತನ್ನದೂ ಒಂದಿರಲಿ ಎಂಬಂತೆ.

ರಂಗಸಾಮಿ ಒಬ್ಬೊಬ್ಬರ ಮುಖವನ್ನೂ ನೋಡಿದ. "ನನಗೆ ಯಾಕೆ ಹೇಳಲಿಲ್ಲ?"

ಸತ್ಯಾ ಹತ್ತಿರ ಬಂದು ತಂದೆಯ ಮೊಣಕೈ ಹಿಡಿದುಕೊಂಡಳು. "ಆ ಕಾಗಿದದಲ್ಲಿ ಓನರ್ ಅಂತ ನಮ್ಮ ಹೆಸರು ಇದೆ ಅಪ್ಪಾ. ನಿನ್ನ ಹೆಸರು ಎಲ್ಲೂ ಇಲ್ಲೆ. ಎಷ್ಟು ಹುಡುಕಿದ್ರೂ ಇಲ್ಲೆ. ಅದನ್ನ ನಿನ್ನ ಕೈಗೆ ಕೊಡೋಕೆ ನಮಗೆ ಮನಸು ಬರಲಿಲ್ಲ."

ಎರಡು ವರ್ಷದಿಂದ ಯಾರಾದರೂ ಕೇಳಿಬಿಟ್ಟರೆ ಎಂದು ರಂಗಸಾಮಿ ಹೆದರುತ್ತಿದ್ದ ವಿಷಯವನ್ನು ಮಕ್ಕಳು ಎರಡು ವರ್ಷದಿಂದ ಅವನಿಗಾಗಿ ಮುಚ್ಚಿಟ್ಟಿದ್ದರು. ಹಾಗೆಂದು ತಿಳಿದಾಗ ಅವನಿಗೆ ಸಂಕಟವೂ ಆಯಿತು, ಎಲ್ಲೋ ಒಂದು ಕಡೆ ಹಿತವೂ ಆಯಿತು. ಅವನು ಗುಡಿಯ ಮೆಟ್ಟಿಲ ಮೇಲೆ ಕೂತ.

ಸೆಲ್ಲಪ್ಪನ್ ಅಂಗೈಯ ಮಸಿಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕೂತ. "ಹೇಳ್ಬಿಡಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ಮಾತು ಕೊಟ್ಟಿದ್ದೆ, ಏನ್ ಮಾಡ್ಲಿ. ನಿನ್ನ ಮಗ ಕೇಳದೆ ಮಾಡ್ತಾನೆ, ನನ್ನ ಮಗ ಕೇಳಿದ್ರೂ ಮಾಡಲ್ಲೆ. ಎರಡು ವರ್ಷ ಮನೇಲಿ ಅದೇ ಜಗಳ. ನಿನ್ನ ಮಗ ಆರಕ್ಕೆ ಮಾಡಿರಬೇಕು ಅಂತ ಅಂದಾಜು ಹಾಕಿ ಏಳಕ್ಕೆ ಹಟ ಹಿಡಿದೆ. ಕೊನೆಗೆ ಬಂತು ಅಂತ ತಿಣ್ಣೆ ಮೇಲೆ ಕೂತ್ರೆ, ನೀನು ಬಂದು ಕರೆಂಟ್ ಬಿಲ್ಲಾ ಅಂತ ಕೇಳಿದೆ. ಎರಡು ವರ್ಷದಲ್ಲಿ ಮಕ್ಕಳು ಹೇಳೇ ಇರ್ತಾರೆ, ಇವನಿಗೆ ಎಂಥಾ ದಿಮಾಕು, ಮನೇಲಿ ಇಟ್ಕೊಂಡು ಏನೂ ಗೊತ್ತಿಲ್ದಂಗೆ ಕೇಳ್ತಾನೆ ಅಂತ ಅಂದ್ಕೊಂಡೆ."

ರಂಗಸಾಮಿ ನಿಧಾನವಾಗಿ ತಲೆ ತಿರುಗಿಸಿದ. "ನಿನಗೆ ಹೊಟ್ಟೆ ಉರೀತಾ?"

"ಉರೀದೆ ಏನು."

"ಯಾವತ್ತಿಂದ?"

"ಫೋಟೋ ತೆಗೆದ ದಿನದಿಂದ."

"ಆ ದಿನ ಊಟ ಮಾಡಿದ್ಯಾ?"

"ಎರಡು ದಿನ ಮಾಡಲಿಲ್ಲೆ," ಎಂದ ಸೆಲ್ಲಪ್ಪನ್. ಗುಡಿಯ ಎದುರು ಸುಳ್ಳು ಹೇಳುವ ಹಾಗಿರಲಿಲ್ಲ. "ಜಾನಮ್ಮನ್ನ ಕೇಳು."

ಜಾನಮ್ಮ ಹೌದು ಹೌದೆಂದು ತಲೆ ಆಡಿಸಿದಳು. ರಂಗಸಾಮಿ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ವರ್ಷ. ಏಳುನೂರಕ್ಕೂ ಹೆಚ್ಚು ದಿನ. ಪ್ರತಿ ಬೆಳಿಗ್ಗೆ ನಡುಗೋಡೆಯ ಆ ಕಡೆ ಸೆಲ್ಲಪ್ಪನ್ ಉರಿಯುತ್ತಲೇ ಎದ್ದಿದ್ದಾನೆ, ಉರಿಯುತ್ತಲೇ ಕಾಫಿ ಕುಡಿದಿದ್ದಾನೆ. ಈ ಕಡೆ ತಾನು ಏನೂ ತಿಳಿಯದೆ, ಆ ಉರಿಯ ಸುಖವನ್ನು ಒಂದು ದಿನವೂ ಸವಿಯದೆ ಬರೀ ಮಲಗಿ ಎದ್ದಿದ್ದೇನೆ. ಅವನ ಕಣ್ಣಲ್ಲಿ ನೀರು ತುಂಬಿತು. ಅವನು ಮಗನ ಕಡೆಗೆ, ಮಗಳ ಕಡೆಗೆ ನೋಡಿದ.

"ಮನೆ ತಗೊಂಡ್ರಿ, ಸರಿ, ಅದನ್ನ ನಾನೇ ಕೊಟ್ಟೆ," ಎಂದ. "ಇದನ್ನಾದ್ರೂ ನನಗೆ ಬಿಡಬಾರದಿತ್ತಾ?"